ಶಾಫ್ಟ್ ಡ್ರೈವ್‌ನ ಸ್ಪ್ಲೈನ್‌ಗೆ ಯಾವ ಗ್ರೀಸ್ ಹಚ್ಚಬೇಕು?

ಕ್ಯಾರೊಲಿನಾ ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳ ಹಿಂದೆ 2006ರ ಮಾದರಿಯ ಹೋಂಡಾ ಎಸ್‌ಟಿ1300 ಬೈಕೊಂದನ್ನು ಕೊಂಡೆ; ಮೀಟರಿನಲ್ಲಿ 61,000 ಮೈಲಿ ಇದೆ. ಟೈರು ಬದಲಿಸಲೆಂದು ಕಳೆದ ಶನಿವಾರ ಹಿಂದಿನ ಚಕ್ರ ಬಿಚ್ಚಿದಾಗ, ಚಕ್ರದ ಫ್ಲ್ಯಾಂಜ್ (ಗುಂಬಕ್ಕೆ ಕೂರುವ ಹಲ್ಲಿನ ಬಿಲ್ಲೆ) ಹೋಗಿ ಫೈನಲ್ ಡ್ರೈವ್‌ನೊಳಗೆ (ಶಾಫ್ಟಿನ ತಿರುಗುವಿಕೆಯನ್ನು ಚಕ್ರಕ್ಕೆ ದಾಟಿಸುವ ಗೇರಿನ ಗೂಡು) ಕೂರುವ ಸ್ಪ್ಲೈನ್‌ಗಳಲ್ಲಿ, ಅಂದರೆ ಒಂದರೊಳಗೊಂದು ಕೂತು ಒಟ್ಟಿಗೆ ತಿರುಗುವ ಹಲ್ಲುಸಾಲುಗಳಲ್ಲಿ, ಗ್ರೀಸ್‌ನ ಸುಳಿವೇ ಇರಲಿಲ್ಲ. ಹಲ್ಲುಗಳ ಬುಡದಲ್ಲಿ ಇಟ್ಟಿಗೆಯ ಪುಡಿಯಂತಹ ಕೆಂಪು ಧೂಳು ಕೂತಿತ್ತು. ಒರೆಸಿ ನೋಡಿದರೆ ಹಲ್ಲಿನ ಮಗ್ಗುಲಲ್ಲಿ ಸಣ್ಣದೊಂದು ಮೆಟ್ಟಿಲು ಉಗುರಿಗೆ ತಾಗುತ್ತದೆ, ಆದರೆ ಹಲ್ಲಿನ ತುದಿ ಇನ್ನೂ ಚೂಪಾಗಿಲ್ಲ.

ನನ್ನ ಕಪಾಟಿನಲ್ಲಿ ಚಕ್ರದ ಬೇರಿಂಗಿಗೆ ಹಾಕುವ ಲಿಥಿಯಂ ಗ್ರೀಸ್, ‘ಮಾಲಿ’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುವ ಬೂದುಬಣ್ಣದ ಗ್ರೀಸ್, ದೋಣಿಯ ಟ್ರೈಲರಿಗೆಂದು ತಂದಿದ್ದ ಮೆರೈನ್ ಗ್ರೀಸ್ ಮತ್ತು ತಾಮ್ರದ ಆ್ಯಂಟಿ-ಸೀಜ್ ಪೇಸ್ಟ್, ಈ ನಾಲ್ಕು ಇವೆ. ಇವುಗಳಲ್ಲಿ ಒಂದು ಸಾಕೇ, ಅಥವಾ ಬೇರೆಯದನ್ನೇ ತರಿಸಬೇಕೇ? ಚೈನಿನ ಬದಲು ತಿರುಗುವ ದಂಡದಿಂದ ಚಕ್ರ ಓಡಿಸುವ ಶಾಫ್ಟ್ ಡ್ರೈವ್ ಎಂದರೆ ಚೈನಿನ ಹಾಗೆ ಆರೈಕೆ ಬೇಡ ಎಂದು ನಂಬಿ ಕೊಂಡವನು ನಾನು. ಆ ಕೆಂಪು ಪುಡಿಯನ್ನು ನೋಡಿದ ಮೇಲೆ ನಿಜವಾಗಿಯೂ ಚಿಂತೆಯಾಗಿದೆ.

ಹಲ್ಲುಗಾಲಿ:
ಆ ಕೆಂಪು ಪುಡಿ ಹೊರಗಿನಿಂದ ಬಂದ ಧೂಳಲ್ಲ, ನಿಮ್ಮ ಹಲ್ಲುಗಳದೇ ಕಬ್ಬಿಣ. ಪೀಣ್ಯದಲ್ಲಿ ಗೇರು ಕೊರೆಯುವ ಕೆಲಸ ಮಾಡಿಕೊಂಡಿರುವ ನಾನು ಇಂತಹ ಪುಡಿಯನ್ನು ಬಹಳ ನೋಡಿದ್ದೇನೆ. ಸ್ಪ್ಲೈನ್‌ನ ಹಲ್ಲುಗಳು ಒಂದರೊಳಗೊಂದು ಬಿಗಿಯಾಗಿ ಕೂತಂತೆ ಕಂಡರೂ, ನೀವು ಆ್ಯಕ್ಸಿಲರೇಟರ್ ತಿರುಗಿಸಿದಾಗ ಒಂದು ಮಗ್ಗುಲಿಗೆ, ಬಿಟ್ಟಾಗ ಇನ್ನೊಂದು ಮಗ್ಗುಲಿಗೆ ಒತ್ತಿ ಮೈಕ್ರಾನ್ ಲೆಕ್ಕದಲ್ಲಿ ಹಿಂದೆಮುಂದೆ ಉಜ್ಜುತ್ತಲೇ ಇರುತ್ತವೆ. ಈ ಬಗೆಯ ಸವೆತಕ್ಕೆ ಫ್ರೆಟಿಂಗ್ ಎನ್ನುತ್ತಾರೆ. ಉದುರಿದ ಕಣಗಳು ಗಾಳಿಗೆ ತುಕ್ಕು ಹಿಡಿದು ಕೆಂಪಾಗುತ್ತವೆ. ಆ ತುಕ್ಕೇ ಮತ್ತೆ ಉಜ್ಜುಪುಡಿಯಾಗಿ ಉಳಿದ ಲೋಹವನ್ನು ಅರೆಯುತ್ತದೆ.

ಬೇರಿಂಗಿನಲ್ಲಿ ಗುಂಡುಗಳು ಉರುಳುವುದರಿಂದ ಪಕ್ಕಕ್ಕೆ ಸರಿದ ಗ್ರೀಸ್‌ನ ಎಣ್ಣೆ ಮತ್ತೆ ದಾರಿಗೆ ಬರುತ್ತದೆ. ಸ್ಪ್ಲೈನ್‌ನಲ್ಲಿ ಉರುಳುವುದೇನೂ ಇಲ್ಲ. ಒಮ್ಮೆ ಹಿಂಡಿ ಹೊರಹೋದ ಎಣ್ಣೆ ಮರಳಿ ಒಳಬರುವುದಿಲ್ಲ. ಆದ್ದರಿಂದ ಎಣ್ಣೆ ಹೋದರೂ ಲೋಹಕ್ಕೆ ಅಂಟಿಕೊಂಡು ಉಳಿಯುವ ಘನ ವಸ್ತು ಬೇಕು, ಅದೇ ಮಾಲಿಬ್ಡಿನಂ ಡೈಸಲ್ಫೈಡ್, ಚಿಕ್ಕದಾಗಿ ‘ಮಾಲಿ’. ಅದರ ಪದರಗಳು ಇಸ್ಪೀಟೆಲೆಗಳ ಕಟ್ಟಿನಂತೆ ಒಂದರ ಮೇಲೊಂದು ಜಾರುತ್ತವೆ.

ಆದರೆ ನಿಮ್ಮ ಕಪಾಟಿನ ‘ಮಾಲಿ’ ಗ್ರೀಸ್‌ಗೆ ಮೋಸಹೋಗಬೇಡಿ. ಅಂತಹ ಟ್ಯೂಬುಗಳಲ್ಲಿ ಸಾಮಾನ್ಯವಾಗಿ ಶೇಕಡಾ 3ರಿಂದ 5ರಷ್ಟು ಮಾತ್ರ ಮಾಲಿ ಇರುತ್ತದೆ. ಹೋಂಡಾದ ಸರ್ವಿಸ್ ಮ್ಯಾನುಯಲ್‌ಗಳು ಸ್ಪ್ಲೈನ್‌ಗೆ ಕೇಳುವುದು ಶೇಕಡಾ 40ಕ್ಕಿಂತ ಹೆಚ್ಚು ಮಾಲಿ ಇರುವ ಪೇಸ್ಟನ್ನು, ಉದಾಹರಣೆಗೆ ಶೇಕಡಾ 60ರದ್ದು. ಎರಡಕ್ಕೂ ಬಣ್ಣ ಹೆಚ್ಚುಕಡಿಮೆ ಒಂದೇ, ಕೆಲಸ ಮಾತ್ರ ಬೇರೆ.

ದಾವಣಗೆರೆ ಡಬಲ್:
ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ. ನನ್ನ ಬಳಿ ಆರು ವರ್ಷಗಳಿಂದ ಸುಜುಕಿ ಇಂಟ್ರೂಡರ್ ಎಂ1800ಆರ್ ಇದೆ, ಚಕ್ರದ ಬೇರಿಂಗಿನ ಗ್ರೀಸನ್ನೇ ಹಚ್ಚಿದ್ದೇನೆ, ಏನೂ ಆಗಿಲ್ಲ.

ಹಲ್ಲುಗಾಲಿ:
ಆರು ವರ್ಷದಲ್ಲಿ ಎಷ್ಟು ಕಿಲೋಮೀಟರ್ ಓಡಿಸಿದ್ದೀರಿ, ಎಷ್ಟು ಸಲ ಚಕ್ರ ಬಿಚ್ಚಿ ಹೊಸದಾಗಿ ಹಚ್ಚಿದ್ದೀರಿ ಎಂಬುದನ್ನು ದಯವಿಟ್ಟು ಹೇಳಿ. ಅದು ತಿಳಿಯದೆ ‘ಏನೂ ಆಗಿಲ್ಲ’ ಎಂಬ ಮಾತನ್ನು ತೂಗಲು ಬರುವುದಿಲ್ಲ.

ದಾವಣಗೆರೆ ಡಬಲ್:
11,000 ಕಿ.ಮೀ. ಓಡಿದೆ. ಬಿಚ್ಚಿದ್ದು ಎರಡು ಸಲ.

ಮೂಡಿಗೆರೆ ಜೀಪು:
ದಾವಣಗೆರೆಯವರ ಮಾತನ್ನು ಅಷ್ಟು ಬೇಗ ತಳ್ಳಿಹಾಕಬೇಡಿ. ನಮ್ಮ ತೋಟದ ಹಳೆಯ ಮಹೀಂದ್ರ ಜೀಪಿನ ಪ್ರೊಪೆಲರ್ ಶಾಫ್ಟಿನಲ್ಲಿಯೂ ಸ್ಪ್ಲೈನ್ ಇದೆ, ಅದು ಸ್ಪ್ರಿಂಗು ಏರಿಳಿದ ಹಾಗೆಲ್ಲ ಒಳಹೊರಗೆ ಜಾರುತ್ತದೆ. ನನ್ನ ತಂದೆಯವರ ಕಾಲದಿಂದಲೂ ಅದಕ್ಕೆ ಸಾಮಾನ್ಯ ಲಿಥಿಯಂ ಗ್ರೀಸನ್ನೇ ಹೊಡೆಯುತ್ತ ಬಂದಿದ್ದೇವೆ. ಕಾಫಿ ತೋಟದ ಕೆಸರಿನಲ್ಲಿ, ಏರು ದಾರಿಯಲ್ಲಿ, ಲೋಡು ತುಂಬಿಕೊಂಡು ಓಡುವ ಗಾಡಿ ಅದು. ಅದಕ್ಕೆ ಬೇಕಾಗದ ಶೇಕಡಾ 60ರ ಪೇಸ್ಟು ನುಣುಪಾದ ಹೆದ್ದಾರಿಯಲ್ಲಿ ಓಡುವ ಬೈಕಿಗೆ ಏಕೆ ಬೇಕು?

ಹಲ್ಲುಗಾಲಿ:
ಇಡೀ ಚರ್ಚೆಯ ಗಂಟು ಇರುವುದು ಈ ಪ್ರಶ್ನೆಯಲ್ಲಿಯೇ. ನಿಮ್ಮ ಜೀಪಿನ ಆ ಜಾರುವ ಜಾಯಿಂಟಿಗೆ ಗ್ರೀಸ್ ನಿಪ್ಪಲ್, ಅಂದರೆ ಗ್ರೀಸ್ ಒತ್ತಿ ತುಂಬುವ ಮೂತಿ, ಇದೆಯಲ್ಲವೇ? ಮಳೆಗಾಲದಲ್ಲಿ ಎಷ್ಟು ದಿನಕ್ಕೊಮ್ಮೆ ಗ್ರೀಸ್ ಗನ್ ಹಿಡಿಯುತ್ತೀರಿ?

ಮೂಡಿಗೆರೆ ಜೀಪು:
ನಿಪ್ಪಲ್ ಇದೆ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಹೊಳೆ ದಾಟಿದರೆ ಮರುದಿನವೇ.

ಹಲ್ಲುಗಾಲಿ:
ಹಾಗಾದರೆ ಉತ್ತರ ನಿಮ್ಮಿಂದಲೇ ಬಂತು. ಹದಿನೈದು ದಿನಕ್ಕೊಮ್ಮೆ ಹೊಸ ಗ್ರೀಸ್ ಒಳನುಗ್ಗಿ ಹಳೆಯದನ್ನೂ ನೀರನ್ನೂ ಕೆಸರನ್ನೂ ಹೊರದೂಡುವಲ್ಲಿ ಗ್ರೀಸ್ ಎಷ್ಟು ದಿನ ಬಾಳುತ್ತದೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಬೈಕಿನ ಹಿಂದಿನ ಸ್ಪ್ಲೈನ್‌ಗೆ ನಿಪ್ಪಲ್ ಇಲ್ಲ. ಚಕ್ರ ಬಿಚ್ಚಿದಾಗ ಹಚ್ಚಿದ ಒಂದು ತೆಳು ಪದರ ಮುಂದಿನ ಟೈರು ಸವೆಯುವವರೆಗೆ, ಅಂದರೆ ಹತ್ತು ಹದಿನೈದು ಸಾವಿರ ಕಿಲೋಮೀಟರ್, ಒಬ್ಬಂಟಿಯಾಗಿ ಬಾಳಬೇಕು. ಮತ್ತೆ ಮತ್ತೆ ತುಂಬುವ ಅವಕಾಶ ಇರುವಲ್ಲಿ ಸಾಮಾನ್ಯ ಗ್ರೀಸ್ ಸಾಕು. ಅವಕಾಶ ಇಲ್ಲದಲ್ಲಿ ಘನ ವಸ್ತು ಹೆಚ್ಚಿರುವ ಪೇಸ್ಟು ಬೇಕು. ದಾವಣಗೆರೆಯವರು 11,000 ಕಿಲೋಮೀಟರಿನಲ್ಲಿ ಎರಡು ಸಲ ಬಿಚ್ಚಿ ಹಚ್ಚಿದ್ದರಿಂದ ಅವರ ಹಲ್ಲುಗಳು ಉಳಿದಿವೆ, ಅವರ ಶಿಸ್ತು ಗ್ರೀಸ್‌ನ ಕೊರತೆಯನ್ನು ತುಂಬಿದೆ.

ದಾವಣಗೆರೆ ಡಬಲ್:
ಇದನ್ನು ಒಪ್ಪುತ್ತೇನೆ. ಮುಂದಿನ ಸಲ ಪೇಸ್ಟನ್ನೇ ತರಿಸುತ್ತೇನೆ.

ಕಡಲತಡಿ:
ಮಾಲಿಯನ್ನು ಎಲ್ಲರೂ ಹೊಗಳುತ್ತಿರುವುದರಿಂದ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕಾಗಿದೆ. ನಾನು ಕಾರವಾರದವನು, ದೋಣಿಗಳ ಎಂಜಿನ್ ರಿಪೇರಿ ನನ್ನ ಕಸುಬು. ಮಾಲಿ ಒಣ ಜಾಗದಲ್ಲಿ ಚೆನ್ನಾಗಿ ಜಾರುತ್ತದೆ, ತೇವ ಸೇರಿದರೆ ಅದರ ಜಾರುವ ಗುಣ ಕುಂದುತ್ತದೆ, ತುಕ್ಕನ್ನು ತಡೆಯುವ ಶಕ್ತಿಯಂತೂ ತನ್ನಷ್ಟಕ್ಕೆ ಅದಕ್ಕಿಲ್ಲ. ಗ್ರಾಫೈಟ್‌ನ ಸ್ವಭಾವ ಇದಕ್ಕೆ ತದ್ವಿರುದ್ಧ, ಅದು ಜಾರಲು ತೇವವೇ ಬೇಕು. ಆದ್ದರಿಂದ ಕರಾವಳಿಯ ಉಪ್ಪುಗಾಳಿಯಲ್ಲಿ, ಮಳೆಯಲ್ಲಿ ಓಡುವ ಬೈಕಿಗೆ ಶೇಕಡಾ 60 ಎಂಬ ಅಂಕಿಯನ್ನು ಮಾತ್ರ ನೋಡಿ ಪೇಸ್ಟ್ ಕೊಳ್ಳುವುದು ಸರಿಯಲ್ಲ. ಆ ಮಾಲಿಯನ್ನು ಹಿಡಿದಿಟ್ಟುಕೊಂಡಿರುವ ಎಣ್ಣೆ ಮತ್ತು ಸೋಪು (ಎಣ್ಣೆಯನ್ನು ಗ್ರೀಸಾಗಿ ಗಟ್ಟಿಗೊಳಿಸುವ ವಸ್ತು) ಯಾವುದು ಎಂಬುದೂ ಅಷ್ಟೇ ಮುಖ್ಯ.

ನನ್ನನ್ನು ಕೇಳಿದರೆ ಕ್ಯಾಲ್ಸಿಯಂ ಸಲ್ಫೋನೇಟ್ ಗ್ರೀಸ್ ನೀರಿಗೆ ಜಗ್ಗುವುದಿಲ್ಲ, ತುಕ್ಕು ತಡೆಯುತ್ತದೆ, ಭಾರ ತಾಳುವ ಗುಣವೂ ಅದರ ಸೋಪಿನಲ್ಲಿಯೇ ಇದೆ. ಅದರಲ್ಲಿ ಮಾಲಿ ಬೆರೆತಿರುವುದು ಸಿಕ್ಕರೆ ಇನ್ನೂ ಒಳ್ಳೆಯದು.

ಹಲ್ಲುಗಾಲಿ:
ತೇವದ ವಿಷಯದಲ್ಲಿ ಕಡಲತಡಿಯವರ ಮಾತು ಪೂರ್ತಿ ಸರಿ, ನಾನು ಮೊದಲೇ ಹೇಳಬೇಕಿತ್ತು. ಆದರೆ ಕ್ಯಾಲ್ಸಿಯಂ ಸಲ್ಫೋನೇಟ್ ಒಂದನ್ನೇ ನೆಚ್ಚಿಕೊಳ್ಳುವುದನ್ನು ನಾನು ಒಪ್ಪಲಾರೆ, ಏಕೆಂದರೆ ಎಣ್ಣೆ ಹಿಂಡಿಹೋಗುವ ತೊಂದರೆ ಅದಕ್ಕೂ ತಪ್ಪಿದ್ದಲ್ಲ. ನೀರು ಒಳಗೆ ಬಾರದಂತೆ ತಡೆಯಬೇಕಾದದ್ದು ಮೊದಲು ಓ-ರಿಂಗ್ ಎಂಬ ರಬ್ಬರ್ ಬಳೆ, ಆಮೇಲೆ ಗ್ರೀಸ್.

ಘಟ್ಟದ ಸವಾರ:
ನೀರಿನ ಮಾತು ಬಂದದ್ದರಿಂದ ನನ್ನ ಅನುಭವವನ್ನು ಹೇಳುತ್ತೇನೆ. ಬೆಂಗಳೂರಿನಲ್ಲಿದ್ದೇನೆ, ಬಾಕ್ಸರ್ ಎಂಜಿನ್ನಿನ ಬಿಎಂಡಬ್ಲ್ಯು ಜಿಎಸ್ ಓಡಿಸುತ್ತೇನೆ. ಪ್ರತಿ ಆಷಾಢದಲ್ಲಿ ಆಗುಂಬೆಗೆ ಹೋಗುವುದು ನಮ್ಮ ಗೆಳೆಯರ ಗುಂಪಿನ ರೂಢಿ. ಎರಡು ವರ್ಷಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಗೇರ್‌ಬಾಕ್ಸಿನ ಹಿಂದಿನ ರಬ್ಬರ್ ಬೂಟನ್ನು ಕೂರಿಸುವಾಗ ಅದರ ಅಂಚು ಒಳಕ್ಕೆ ಮಡಚಿಕೊಂಡಿತ್ತು, ಯಾರೂ ಗಮನಿಸಲಿಲ್ಲ. ಆ ಮಳೆಗಾಲ ಕಳೆದ ಮೇಲೆ ಶಾಫ್ಟಿನ ಗೂಡನ್ನು ಬಿಚ್ಚಿದರೆ ಕಾಫಿಯ ಬಣ್ಣದ ನೀರು ಸುರಿಯಿತು. ಸ್ಪ್ಲೈನ್‌ನಲ್ಲಿ ಒಳ್ಳೆಯ ಮಾಲಿ ಪೇಸ್ಟೇ ಇತ್ತು, ಆದರೂ ತುಕ್ಕು ಹಿಡಿದಿತ್ತು. ಶಾಫ್ಟಿನ ಬಾಗುವ ಕೀಲಾದ ಯೂನಿವರ್ಸಲ್ ಜಾಯಿಂಟನ್ನು ಕೈಯಲ್ಲಿ ತಿರುಗಿಸಿದರೆ ಗರಗರ ಎನ್ನುತ್ತಿತ್ತು, ಇಡೀ ಶಾಫ್ಟನ್ನೇ ಬದಲಿಸಬೇಕಾಯಿತು. ಅಂದಿನಿಂದ ಗ್ರೀಸ್ ಯಾವುದೆಂದು ನೋಡುವ ಮೊದಲು ಬೂಟಿನ ಸುತ್ತ ಬೆರಳಾಡಿಸಿ ನೋಡುತ್ತೇನೆ.

ಮಂಡ್ಯದ ಉಳುಮೆ:
ನನ್ನ ಬಳಿ ಬೈಕಿಲ್ಲ, ಟ್ರ್ಯಾಕ್ಟರ್ ಇದೆ. ಆದರೂ ಈ ಚರ್ಚೆಯನ್ನು ಆಸೆಯಿಂದ ಓದುತ್ತಿದ್ದೇನೆ. ರೋಟವೇಟರ್ ಕಟ್ಟುವ, ಎಂಜಿನ್ನಿನ ಶಕ್ತಿಯನ್ನು ಉಪಕರಣಕ್ಕೆ ಕೊಡುವ ಪಿಟಿಒ ಶಾಫ್ಟಿಗೂ ಸ್ಪ್ಲೈನೇ ಇರುವುದು, ಆರು ಹಲ್ಲು, ನಿಮಿಷಕ್ಕೆ 540 ಸುತ್ತು. ಕಬ್ಬಿನ ಗದ್ದೆಯಲ್ಲಿ ಗಟ್ಟಿ ಹೆಂಟೆ ಸಿಕ್ಕಾಗ ಅದಕ್ಕೆ ಬೀಳುವ ಏಟನ್ನು ನೆನೆಸಿಕೊಂಡರೆ ನಿಮ್ಮ ಬೈಕಿನದು ಹಗುರ. ನಾವು ಪ್ರತಿ ಸಲ ಶಾಫ್ಟ್ ಸೇರಿಸುವ ಮುನ್ನ ಒರೆಸಿ ಗ್ರೀಸ್ ಹಚ್ಚುತ್ತೇವೆ, ಜೀಪಿನವರ ಹಾಗೆಯೇ.

ನಮ್ಮ ಅಜ್ಜ ಎತ್ತಿನ ಗಾಡಿಯ ಅಚ್ಚಿಗೆ ಹರಳೆಣ್ಣೆಯಲ್ಲಿ ಸುಟ್ಟ ಹುಲ್ಲಿನ ಕರಿಯನ್ನು ಕಲಸಿ ಹಚ್ಚುತ್ತಿದ್ದರು, ಅದಕ್ಕೆ ಕೀಲೆಣ್ಣೆ ಎಂದು ಹೆಸರು. ಬರಿಯ ಎಣ್ಣೆ ಏಕೆ ಹಚ್ಚುವುದಿಲ್ಲ ಎಂದು ಕೇಳಿದರೆ, ಬರಿಯ ಎಣ್ಣೆ ಊರ ಬಾಗಿಲಲ್ಲೇ ಸೋರಿಹೋಗುತ್ತದೆ, ಸಂತೆಯವರೆಗೆ ಬರುವುದಿಲ್ಲ ಎನ್ನುತ್ತಿದ್ದರು.

ಹಲ್ಲುಗಾಲಿ:
ನಿಮ್ಮ ಅಜ್ಜನವರ ಮಾತು ಗ್ರೀಸ್‌ನ ಲಕ್ಷಣವನ್ನೇ ಹೇಳುತ್ತದೆ. ಎಣ್ಣೆ ಸೋರದಂತೆ ಹಿಡಿದಿಡಲು ಅಲ್ಲಿ ಕರಿ, ಇಲ್ಲಿ ಲಿಥಿಯಂ ಅಥವಾ ಕ್ಯಾಲ್ಸಿಯಂ ಸೋಪು.

ಮ್ಯೂನಿಕ್ ಮಲ್ಲಿಗೆ:
ನನ್ನದು 1991ರ ಬಿಎಂಡಬ್ಲ್ಯು ಕೆ75. ಎಲ್ಲರೂ ಹಿಂದಿನ ಸ್ಪ್ಲೈನ್ ಕುರಿತೇ ಬರೆಯುತ್ತಿದ್ದೀರಿ, ಆದರೆ ಈ ಸಾಲಿನ ಬೈಕುಗಳಲ್ಲಿ ನಿಜವಾಗಿ ಕಾಡುವುದು ಕ್ಲಚ್ ತಟ್ಟೆ ಮತ್ತು ಗೇರ್‌ಬಾಕ್ಸಿನ ನಡುವಿನ ಸ್ಪ್ಲೈನ್. ಅದನ್ನು ತಲುಪಲು ಹಿಂದಿನ ಚಕ್ರ, ಫೈನಲ್ ಡ್ರೈವ್, ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ತೋಳು), ಗೇರ್‌ಬಾಕ್ಸ್ ಎಲ್ಲವನ್ನೂ ಕಳಚಬೇಕು. ಇಷ್ಟು ಶ್ರಮಪಟ್ಟವರು ‘ಮತ್ತೆ ಬೇಗ ಬಿಚ್ಚುವುದು ಬೇಡ’ ಎಂದು ಗ್ರೀಸನ್ನು ಧಾರಾಳವಾಗಿ ಮೆತ್ತುತ್ತಾರೆ, ಅನಾಹುತ ಆಗುವುದು ಅಲ್ಲಿಯೇ. ಇದು ಒಣ ಕ್ಲಚ್, ಎಣ್ಣೆಯಲ್ಲಿ ಮುಳುಗಿರುವುದಿಲ್ಲ. ಶಾಫ್ಟ್ ತಿರುಗುವ ವೇಗಕ್ಕೆ ಹೆಚ್ಚಿನ ಗ್ರೀಸ್ ಸಿಡಿದು ಕ್ಲಚ್ ತಟ್ಟೆಗೆ ಬಿದ್ದರೆ ಅದು ಜಾರತೊಡಗುತ್ತದೆ, ಮತ್ತೆ ಎಲ್ಲವನ್ನೂ ಕಳಚಬೇಕಾಗುತ್ತದೆ. ಇಲ್ಲಿ ಬೇಕಾದದ್ದು ಸಿಡಿಯದ, ಗಟ್ಟಿಯಾಗಿ ಅಂಟಿಕೊಳ್ಳುವ ಪೇಸ್ಟು, ಅದೂ ಹಲ್ಲಿನ ಮಗ್ಗುಲಿಗೆ ಸಣ್ಣ ಬ್ರಷ್ಷಿನಿಂದ ಬಳಿದಷ್ಟು ಮಾತ್ರ.

ಇನ್ನೊಂದು ಮಾತು. ಎಲ್ಲ ಒಳ್ಳೆಯ ಸ್ಪ್ಲೈನ್ ಗ್ರೀಸ್‌ಗಳೂ ಕಪ್ಪಾಗಿಯೇ ಇರಬೇಕೆಂದಿಲ್ಲ. ಹಳೆಯ ಬಿಎಂಡಬ್ಲ್ಯುಗಳ ಸ್ಪ್ಲೈನ್‌ಗೆ ಬಹುಕಾಲ ಬಳಸಿದ ಸ್ಟಾಬುರಾಗ್ಸ್ ಎನ್‌ಬಿಯು 30 ಪಿಟಿಎಂ ಬೇರಿಯಂ ಸೋಪಿನ, ತಿಳಿಬಣ್ಣದ ಘನ ವಸ್ತುಗಳಿರುವ ಪೇಸ್ಟ್. ಅದು ನೀರಿಗೆ ಚೆನ್ನಾಗಿ ತಡೆಯುತ್ತದೆ. ಮಾಲಿಯೊಂದೇ ಗತಿ ಎನ್ನುವವರು ಇದನ್ನೂ ಗಮನಿಸಬೇಕು.

ತುಮಕೂರು ಚೈನ್:
ಇಷ್ಟೆಲ್ಲ ಕಳಚುವ ಬದಲು ಚೈನಿಗೆ 500 ಕಿಲೋಮೀಟರಿಗೊಮ್ಮೆ ಎಣ್ಣೆ ಬಿಡುವುದೇ ಸುಲಭವಲ್ಲವೇ?

ಮ್ಯೂನಿಕ್ ಮಲ್ಲಿಗೆ:
ಸುಲಭವಿರಬಹುದು, ಆದರೆ ಚಳಿಗಾಲದ ಉಪ್ಪು ಸುರಿದ ರಸ್ತೆಯಲ್ಲಿ ಪ್ರತಿ ವಾರ ಚೈನ್ ತೊಳೆದು ನೋಡಿದ ಮೇಲೆ ನಾನು ಶಾಫ್ಟನ್ನು ಬಿಡುವುದಿಲ್ಲ. ಅದಕ್ಕೆ ಬೇಡದ ಆರೈಕೆ ದಿನನಿತ್ಯದ್ದು, ವರ್ಷಕ್ಕೊಮ್ಮೆಯದು ಬೇಕೇ ಬೇಕು.

ಕ್ಯಾರೊಲಿನಾ ಕನ್ನಡಿಗ:
ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಹೋಂಡಾ ಅಂಗಡಿಯಲ್ಲಿ ವಿಚಾರಿಸಿದೆ. ಹಿಂದೆ ಎಲ್ಲರೂ ಬಳಸುತ್ತಿದ್ದ ಮಾಲಿ 60 ಈಗ ಬರುತ್ತಿಲ್ಲ, ಅದರ ಬದಲಿಗೆ ಎಂ77 ಕೊಡುತ್ತಾರೆ. ಅದನ್ನೇ ತರಲೇ? ತಾಮ್ರದ ಪೇಸ್ಟು ಹೇಗೂ ಮನೆಯಲ್ಲಿಯೇ ಇದೆ, ಅದು ಏಕಾಗದು? ಮಾಲಿ ಪೇಸ್ಟಿಗೆ ಮೆರೈನ್ ಗ್ರೀಸನ್ನು ಬೆರೆಸಿ ಹಚ್ಚುವವರೂ ಇದ್ದಾರೆಂದು ಇಲ್ಲಿಯ ಗೆಳೆಯರೊಬ್ಬರು ಹೇಳಿದರು.

ಹಲ್ಲುಗಾಲಿ:
ತಾಮ್ರದ ಪೇಸ್ಟು ಅಲುಗಾಡದೆ ಕೂತಿರುವ ಬೋಲ್ಟಿನಂತಹ ಭಾಗಗಳು ವರ್ಷಗಳ ನಂತರವೂ ಸಲೀಸಾಗಿ ಬಿಚ್ಚಲೆಂದು ಇರುವುದು. ದಿನವಿಡೀ ಉಜ್ಜುವ ಹಲ್ಲುಗಳ ನಡುವೆ ಜಾರುಪದರವಾಗಿ ಉಳಿಯುವುದು ಅದರ ಕೆಲಸವಲ್ಲ, ದಯವಿಟ್ಟು ಹಚ್ಚಬೇಡಿ.

ಎಂ77ರ ಮೂಲ ಸಿಲಿಕೋನ್ ಎಣ್ಣೆ, ಅದರಲ್ಲಿ ಮಾಲಿ ಇದೆ. ತಯಾರಕರೇ ಹಳೆಯದರ ಸ್ಥಾನದಲ್ಲಿ ಅದನ್ನು ನಿಲ್ಲಿಸಿರುವುದರಿಂದ ಬಳಸಿದರೆ ತಪ್ಪಿಲ್ಲ. ಆದರೂ ನನ್ನ ಒಲವು ಡಬ್ಬಿಯ ಮೇಲೆ ಶೇಕಡಾ 60ರ ಆಸುಪಾಸಿನ ಮಾಲಿ ಎಂದು ಸ್ಪಷ್ಟವಾಗಿ ಬರೆದಿರುವ ಪೇಸ್ಟಿನ ಕಡೆಗೆ.

ಬೆರೆಸುವುದಕ್ಕೂ ಒಂದು ತರ್ಕವಿದೆ. ಗಟ್ಟಿ ಪೇಸ್ಟಿನಲ್ಲಿ ಎಣ್ಣೆ ಕಡಿಮೆ, ಬೇಗ ಒಣಗುತ್ತದೆ. ಅಂಟುಗುಣದ ಗ್ರೀಸ್ ಸ್ವಲ್ಪ ಸೇರಿದರೆ ಜಾಗದಲ್ಲಿ ನಿಲ್ಲುತ್ತದೆ, ನೀರನ್ನೂ ತಡೆಯುತ್ತದೆ. ಆದರೆ ಸೋಪಿಗೆ ಸೋಪು ಹೊಂದಬೇಕು. ಲಿಥಿಯಂ ಗ್ರೀಸ್‌ಗೆ ಪಾಲಿಯೂರಿಯಾದ್ದನ್ನೋ ಜೇಡಿಮಣ್ಣು ಮೂಲದ್ದನ್ನೋ ಬೆರೆಸಿದರೆ ಎರಡೂ ಕೆಟ್ಟು, ಎಣ್ಣೆ ಬೇರ್ಪಟ್ಟು ನೀರಾಗಿ ಹರಿಯಬಹುದು. ಎರಡು ಡಬ್ಬಿಗಳ ಸೋಪೂ ಗೊತ್ತಿದ್ದರೆ ಬೆರೆಸಿ, ಇಲ್ಲದಿದ್ದರೆ ಬೇಡ.

ಕಡಲತಡಿ:
ಈ ಕಾರಣಕ್ಕೇ ಹಳೆಯದನ್ನು ಸೀಮೆಎಣ್ಣೆಯಲ್ಲಿ ಬ್ರಷ್ ಹಿಡಿದು ಪೂರ್ತಿ ತೊಳೆದು, ಒಣಗಿಸಿ, ಆಮೇಲೆ ಹೊಸದನ್ನು ಹಚ್ಚಬೇಕು. ಸೀಮೆಎಣ್ಣೆ ಚಕ್ರದ ರಬ್ಬರ್ ಡ್ಯಾಂಪರ್‌ಗಳಿಗೂ ಎಣ್ಣೆ ಸೀಲಿಗೂ ತಾಗದಂತೆ ನೋಡಿಕೊಳ್ಳಿ. ಕೆಂಪು ಪುಡಿಯ ಮೇಲೆ ಒಳ್ಳೆಯ ಪೇಸ್ಟ್ ಹಚ್ಚುವುದೆಂದರೆ ಅದೇ ಉಜ್ಜುಪುಡಿಯನ್ನು ಗ್ರೀಸ್‌ನಲ್ಲಿ ಕಲಸಿ ಕೊಟ್ಟಂತೆ.

ಘಟ್ಟದ ಸವಾರ:
ಮಾಲಿ ಅಷ್ಟು ಒಳ್ಳೆಯದಾದರೆ ಅದನ್ನೇ ಚಕ್ರದ ಬೇರಿಂಗಿಗೂ ಸ್ವಿಂಗ್ ಆರ್ಮಿನ ನೀಡಲ್ ಬೇರಿಂಗಿಗೂ ತುಂಬಿಬಿಡೋಣವೆಂದು ನನ್ನ ಗೆಳೆಯನೊಬ್ಬ ಹೊರಟಿದ್ದಾನೆ. ಸರಿಯೇ?

ಹಲ್ಲುಗಾಲಿ:
ಬೇಡ. ಬೇರಿಂಗಿನ ಗುಂಡುಗಳು ಉರುಳಬೇಕು. ಶೇಕಡಾ 60ರಷ್ಟು ಘನ ಪುಡಿ ತುಂಬಿದ ಪೇಸ್ಟಿನಲ್ಲಿ ಅವು ಉರುಳುವ ಬದಲು ಜಾರತೊಡಗುತ್ತವೆ, ಬೇಕಾದಷ್ಟು ಎಣ್ಣೆಯೂ ಸಿಗುವುದಿಲ್ಲ. ಅಲ್ಲಿಗೆ ನೀರು ತಡೆಯುವ ಲಿಥಿಯಂ ಕಾಂಪ್ಲೆಕ್ಸ್ ಅಥವಾ ಕ್ಯಾಲ್ಸಿಯಂ ಸಲ್ಫೋನೇಟ್ ಗ್ರೀಸ್, ಎನ್‌ಎಲ್‌ಜಿಐ (ಗ್ರೀಸ್ ಎಷ್ಟು ಗಟ್ಟಿ ಎಂಬ ಅಂಕಿ) 2ರ ಹದದ್ದು, ಸಾಕು. ಫೈನಲ್ ಡ್ರೈವ್‌ನ ಗೇರುಗಳಂತೂ ಗ್ರೀಸ್‌ನಲ್ಲಲ್ಲ, ಹೈಪಾಯ್ಡ್ ಗೇರ್ ಆಯಿಲ್‌ನಲ್ಲಿ ಓಡುವಂಥವು. ಒಂದೇ ಡಬ್ಬಿಯಿಂದ ಇಡೀ ಬೈಕಿಗೆ ಹಚ್ಚುವ ಆಸೆಯನ್ನು ಬಿಡಬೇಕು.

ಪಾನ್ ಯುರೋಪಿಯನ್:
ತಡವಾಗಿ ಬಂದೆ. ಲಂಡನ್ನಿನಲ್ಲಿ ಹದಿನಾಲ್ಕು ವರ್ಷ ಎಸ್‌ಟಿ1100 ಓಡಿಸಿದ್ದೇನೆ. ಇಷ್ಟು ಹೊತ್ತು ಗ್ರೀಸ್ ಕುರಿತೇ ಚರ್ಚೆ ನಡೆದಿದೆ, ಆದರೆ ಜೋಡಿಸುವ ಕ್ರಮವನ್ನು ಯಾರೂ ಹೇಳಲಿಲ್ಲ. ಚಕ್ರವನ್ನು ಮತ್ತೆ ಹಾಕುವ ಮುನ್ನ ಫೈನಲ್ ಡ್ರೈವ್ ಅನ್ನು ಸ್ವಿಂಗ್ ಆರ್ಮಿಗೆ ಹಿಡಿದಿರುವ ನಾಲ್ಕು ನಟ್ಟುಗಳನ್ನು ಸಡಿಲಿಸಿ. ಚಕ್ರವನ್ನು ಕೂರಿಸಿ, ಆ್ಯಕ್ಸಲ್ ಬಿಗಿದು, ಆಮೇಲೆ ಆ ನಾಲ್ಕನ್ನು ಬಿಗಿಯಿರಿ. ಆಗ ಹಲ್ಲುಗಳು ತಾವಾಗಿ ನೇರಕ್ಕೆ ಬಂದು ಕೂರುತ್ತವೆ. ನಟ್ಟುಗಳನ್ನು ಮೊದಲೇ ಬಿಗಿದಿಟ್ಟು ಚಕ್ರವನ್ನು ಒತ್ತಿ ತುರುಕಿದರೆ ಸ್ಪ್ಲೈನ್ ಓರೆಯಾಗಿ ಕೂತು, ಪ್ರತಿ ಸುತ್ತಿನಲ್ಲಿಯೂ ಹಲ್ಲುಗಳು ಉದ್ದಕ್ಕೆ ಉಜ್ಜುತ್ತವೆ. ಆಮೇಲೆ ಎಷ್ಟೇ ದುಬಾರಿ ಪೇಸ್ಟ್ ಹಚ್ಚಿದರೂ, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ, ದೂರು ಗ್ರೀಸ್‌ನ ಮೇಲೆ ಬೀಳುತ್ತದೆ. ನನ್ನ ಮೊದಲ ಫ್ಲ್ಯಾಂಜ್ ಹಾಳಾದದ್ದು ಹೀಗೆಯೇ.

ಅಳತೆಯೂ ಮುಖ್ಯ. ಎರಡೂ ಕಡೆಯ ಹಲ್ಲುಗಳ ಮಗ್ಗುಲು ಬೂದಾಗಿ ಕಾಣುವಷ್ಟು ಹಚ್ಚಿದರೆ ಸಾಕು. ಕುಳಿಯ ತುಂಬ ಗ್ರೀಸ್ ತುಂಬಿದರೆ, ಚಕ್ರವನ್ನು ಒತ್ತುವಾಗ ಅದು ಹೋಗಲು ದಾರಿಯಿಲ್ಲದೆ ಪಿಸ್ಟನ್ನಿನಂತೆ ಎದುರೊತ್ತುತ್ತದೆ.

ಹಲ್ಲುಗಾಲಿ:
ಪಾನ್ ಯುರೋಪಿಯನ್ ಅವರು ಹೇಳಿದ ಜೋಡಣೆಯ ಕ್ರಮವನ್ನು ನನ್ನ ಎಲ್ಲ ಮಾತುಗಳಿಗಿಂತ ಮೇಲಿಡಿ.

ಕ್ಯಾರೊಲಿನಾ ಕನ್ನಡಿಗ:
ಇವತ್ತು ಕೆಲಸ ಮುಗಿಸಿದೆ. ಶೇಕಡಾ 60ರ ಪೇಸ್ಟನ್ನೇ ತರಿಸಿದ್ದೆ. ತೊಳೆದು ಒಣಗಿಸಿದ ಮೇಲೆ ಮೆಟ್ಟಿಲು ಇನ್ನೂ ಸ್ಪಷ್ಟವಾಗಿ ಕಂಡಿತು; ಎರಡೂ ಕಡೆ ಹಲ್ಲಿನ ದಪ್ಪ ಉಳಿದಿದೆ, ಆದ್ದರಿಂದ ಈ ಸಲಕ್ಕೆ ಫ್ಲ್ಯಾಂಜ್ ಬದಲಿಸಲಿಲ್ಲ. ನಾಲ್ಕು ನಟ್ಟುಗಳನ್ನು ಸಡಿಲಿಸಿದ್ದೇ ತಡ, ಅಷ್ಟು ದಿನ ಸತಾಯಿಸುತ್ತಿದ್ದ ಚಕ್ರ ಒಂದೇ ಸಲಕ್ಕೆ ಒಳಗೆ ಸೇರಿತು. ಫೈನಲ್ ಡ್ರೈವ್ ಕಳಚಿದ್ದರಿಂದ ಶಾಫ್ಟಿನ ಇನ್ನೊಂದು ತುದಿಯನ್ನೂ ನೋಡಿದೆ, ಅದೂ ಒಣಗಿತ್ತು, ಅದಕ್ಕೂ ಹಚ್ಚಿದೆ. ಹಳೆಯ ಓ-ರಿಂಗ್ ಹೇಗಿತ್ತೆಂದರೆ, ದುಂಡಗಿರಬೇಕಾದದ್ದು ಪಟ್ಟಿಯಂತೆ ಚಪ್ಪಟೆಯಾಗಿ, ಬಗ್ಗಿಸಿದರೆ ಮುರಿಯಿತು.

ಪಾನ್ ಯುರೋಪಿಯನ್:
ಹೊಸ ಓ-ರಿಂಗ್ ಹಾಕಿದಿರಷ್ಟೇ? ಅದಕ್ಕೂ ತೆಳುವಾಗಿ ಗ್ರೀಸ್ ಸವರಿರಬೇಕು, ಒಣದಾಗಿ ಕೂರಿಸಿದರೆ ಹರಿಯುತ್ತದೆ.

ಕ್ಯಾರೊಲಿನಾ ಕನ್ನಡಿಗ:
ಹಾಕಿದೆ, ಸವರಿಯೂ ಇದ್ದೇನೆ. ಎರಡು ಹೆಚ್ಚಾಗಿ ತರಿಸಿ ಟೂಲ್ ಡಬ್ಬಿಯಲ್ಲಿಟ್ಟಿದ್ದೇನೆ. 5,000 ಮೈಲಿ ಆದ ಮೇಲೆ, ಟೈರು ಸವೆಯದಿದ್ದರೂ, ಒಮ್ಮೆ ಚಕ್ರ ಬಿಚ್ಚಿ ಆ ಮೆಟ್ಟಿಲು ಬೆಳೆದಿದೆಯೇ ಎಂದು ನೋಡಿ ಇಲ್ಲಿಯೇ ಬರೆಯುತ್ತೇನೆ.